ಹತ್ತಡಿ ಕಾರಿನ ಹಿಮಯಾತ್ರೆ

ಬ್ರಿಟನ್ನಿನ ಮಿನಿ ಕಾರು ಹುಟ್ಟಿದ್ದರಲ್ಲಿ ಈಜಿಪ್ಟಿನ ಅಧ್ಯಕ್ಷ ಗಮಾಲ್ ಅಬ್ದೆಲ್ ನಾಸೆರ್‌ಗೂ ಒಂದು ಪಾಲಿದೆ. 1956ರ ಜುಲೈನಲ್ಲಿ ಆತ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ. ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿಕೊಂಡು ದಾಳಿ ಮಾಡಿದವು, ಕಾಲುವೆ ಮುಚ್ಚಿತು. ತೈಲ ಹೊತ್ತ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿ ಬರಬೇಕಾಯಿತು. ಡಿಸೆಂಬರ್ ಹೊತ್ತಿಗೆ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಅದು ಮುಗಿದದ್ದು ಮುಂದಿನ ವರ್ಷದ ಮೇ ತಿಂಗಳಲ್ಲಿ.

ಪೆಟ್ರೋಲು ತುಟ್ಟಿಯಾದಾಗ ಜನ ಎಲ್ಲಿಯೂ ಮಾಡುವುದನ್ನೇ ಬ್ರಿಟಿಷರೂ ಮಾಡಿದರು, ಚಿಕ್ಕ ಗಾಡಿ ಹುಡುಕಿದರು. ಆಗ ಜರ್ಮನಿ ಕಡೆಯಿಂದ ಬರುತ್ತಿದ್ದ ಇಸೆಟ್ಟಾ, ಮೆಸ್ಸರ್‌ಶ್ಮಿಟ್ ಮುಂತಾದ ‘ಬಬಲ್ ಕಾರು’ಗಳು ಲಂಡನ್ನಿನ ಬೀದಿಗಳಲ್ಲಿ ಓಡಾಡತೊಡಗಿದವು. ಮೊಟ್ಟೆಯಾಕಾರದ ಮೈ, ಮೋಟಾರ್ ಸೈಕಲ್ ಎಂಜಿನ್, ಇಬ್ಬರು ಒತ್ತಿಕೊಂಡು ಕೂರುವಷ್ಟು ಜಾಗ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ, ಅಂದರೆ ಆಸ್ಟಿನ್ ಮತ್ತು ಮಾರಿಸ್ ಎರಡೂ ಸೇರಿ 1952ರಲ್ಲಿ ಆದ ಬಿಎಂಸಿಯ ಮುಖ್ಯಸ್ಥ ಲೆನರ್ಡ್ ಲಾರ್ಡ್‌ಗೆ ಇವುಗಳನ್ನು ಕಂಡರೆ ಮೈ ಉರಿಯುತ್ತಿತ್ತು. ಬಾಯಿ ಒರಟು ಎಂದು ಹೆಸರಾಗಿದ್ದ ಆತ ತನ್ನ ವಿನ್ಯಾಸಕಾರನನ್ನು ಕರೆದು, ಈ ಬಬಲ್ ಕಾರುಗಳನ್ನು ರಸ್ತೆಯಿಂದ ಓಡಿಸುವಂಥ ಒಂದು ‘ನಿಜವಾದ’ ಪುಟ್ಟ ಕಾರು ಮಾಡಿಕೊಡು ಎಂದ. ಷರತ್ತು ಒಂದೇ: ಎಂಜಿನ್ ಮಾತ್ರ ಕಂಪನಿಯಲ್ಲಿ ಈಗಾಗಲೇ ತಯಾರಾಗುತ್ತಿರುವುದೇ ಆಗಬೇಕು. ಹೊಸ ಎಂಜಿನ್ನಿಗೆ ಸುರಿಯಲು ಸಮಯವೂ ಇರಲಿಲ್ಲ, ಹಣವೂ ಇರಲಿಲ್ಲ.

ಆ ವಿನ್ಯಾಸಕಾರನ ಹೆಸರು ಅಲೆಕ್ ಇಸಿಗೋನಿಸ್. ಹುಟ್ಟಿದ್ದು 1906ರಲ್ಲಿ, ಇಂದಿನ ಟರ್ಕಿಯ ಇಜ್ಮಿರ್ ಆಗಿರುವ ಸ್ಮರ್ನಾದಲ್ಲಿ. ತಂದೆ ಬ್ರಿಟಿಷ್ ಪೌರತ್ವ ಪಡೆದಿದ್ದ ಗ್ರೀಕ್, ತಾಯಿ ಜರ್ಮನಿಯ ಬವೇರಿಯಾ ಮೂಲದವಳು. 1922ರಲ್ಲಿ ಯುದ್ಧದ ಬೆಂಕಿ ಊರಿಗೆ ತಗುಲಿದಾಗ ಕುಟುಂಬ ಬ್ರಿಟಿಷ್ ನೌಕಾಪಡೆಯ ಹಡಗು ಹತ್ತಿ ಮಾಲ್ಟಾ ಸೇರಿತು. ತಂದೆ ಅಲ್ಲೇ ತೀರಿಕೊಂಡ. ತಾಯಿ–ಮಗ ಇಂಗ್ಲೆಂಡಿಗೆ ಬಂದರು. ಬ್ಯಾಟರ್‌ಸೀ ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಓದಲು ಸೇರಿದ ಹುಡುಗ ಗಣಿತದಲ್ಲಿ ಮೂರು ಸಲ ನಪಾಸಾದ. ಗಣಿತ ಸೃಜನಶೀಲರ ಶತ್ರು ಎಂದು ಮುಂದೆ ಹೇಳಿಕೊಂಡು ತಿರುಗಿದ. ಲೆಕ್ಕ ಬಾರದಿದ್ದರೂ ಕೈಯಲ್ಲಿ ಚಿತ್ರ ಇತ್ತು. ಸಿಕ್ಕ ಕಾಗದದ ಮೇಲೆಲ್ಲ ಆತ ಬರಿಗೈಯಲ್ಲಿ ಗೀಚುತ್ತಿದ್ದ ಕಾರಿನ ಬಿಡಿಭಾಗಗಳ ಚಿತ್ರಗಳು ಎಷ್ಟು ಕರಾರುವಾಕ್ಕಾಗಿದ್ದವೆಂದರೆ, ಸಹಾಯಕರು ಅವನ್ನೇ ನೋಡಿ ನಕ್ಷೆ ತಯಾರಿಸುತ್ತಿದ್ದರು. 1948ರಲ್ಲಿ ಬಂದ ಅವನ ಮಾರಿಸ್ ಮೈನರ್, ಹತ್ತು ಲಕ್ಷ ಮುಟ್ಟಿದ ಮೊದಲ ಬ್ರಿಟಿಷ್ ಕಾರು. ನಮ್ಮಲ್ಲಿ ಅದು ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಲ್ಲಿ ಓಡಿತು.

1957ರ ವಸಂತದಲ್ಲಿ ಇಸಿಗೋನಿಸ್ ಪುಟ್ಟ ತಂಡ ಕಟ್ಟಿಕೊಂಡು ಹೊಸ ಕಾರಿನ ಕೆಲಸಕ್ಕೆ ಇಳಿದ. ಮೊದಲು ಹೊರ ಅಳತೆ ನಿರ್ಧಾರವಾಯಿತು: ಉದ್ದ ಹತ್ತು ಅಡಿ, ಅಂದರೆ ಸುಮಾರು 3.05 ಮೀಟರ್. ಅಷ್ಟರಲ್ಲಿ ನಾಲ್ಕು ಜನ ವಯಸ್ಕರು ಕೂರಬೇಕು, ಅವರ ಸಾಮಾನೂ ಹಿಡಿಯಬೇಕು. ಹಿಡಿಸುವುದು ಹೇಗೆ?

ಆ ಕಾಲದ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಉದ್ದುದ್ದಕ್ಕೆ ಕೂತಿರುತ್ತಿತ್ತು, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ನೆಲದಡಿಯಲ್ಲಿ ಹಿಂದಿನ ಚಕ್ರಗಳವರೆಗೆ ಒಂದು ಉದ್ದ ಶಾಫ್ಟು. ಕಾರಿನ ಅರ್ಧ ಮೈಯನ್ನು ಯಂತ್ರವೇ ತಿಂದುಹಾಕುತ್ತಿತ್ತು. ಪುಟ್ಟ ಕೋಣೆಯಲ್ಲಿ ಮಂಚವನ್ನು ಅಡ್ಡಕ್ಕೆ ತಿರುಗಿಸಿ ಗೋಡೆಗೆ ಸೇರಿಸಿದರೆ ಓಡಾಡಲು ಜಾಗ ಸಿಗುತ್ತದಲ್ಲ, ಇಸಿಗೋನಿಸ್ ಎಂಜಿನ್ನಿಗೆ ಮಾಡಿದ್ದೂ ಅದನ್ನೇ. ಆದರೆ ಅಡ್ಡ ಮಲಗಿಸಿದ ಎಂಜಿನ್ನಿನ ತುದಿಗೆ ಗೇರ್‌ಬಾಕ್ಸ್ ಜೋಡಿಸಿದರೆ ಕಾರಿನ ಅಗಲ ಸಾಲದು. ಆತ ಗೇರ್‌ಬಾಕ್ಸನ್ನು ಎಂಜಿನ್ನಿನ ಕೆಳಗೆ, ಆಯಿಲ್ ತುಂಬಿರುವ ಸಂಪಿನೊಳಕ್ಕೇ ಇಳಿಸಿಬಿಟ್ಟ. ಎರಡಕ್ಕೂ ಒಂದೇ ಆಯಿಲ್. ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಹಿಂದಕ್ಕೆ ಶಾಫ್ಟು ಬೇಡವಾದ್ದರಿಂದ ನೆಲ ಸಪಾಟಾಯಿತು. ಹೀಗೆ ಕಾರಿನ ತಳದ ಶೇಕಡ 80ರಷ್ಟು ಜಾಗ ಜನಕ್ಕೂ ಸಾಮಾನಿಗೂ ಉಳಿಯಿತು.

ಎಂಜಿನ್ ಅಡ್ಡ ಇಡುವುದಾಗಲಿ, ಮುಂಚಕ್ರ ಎಳೆಯುವುದಾಗಲಿ ಹೊಸದಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಸ್ವೀಡನ್ನಿನ ಸಾಬ್, ಫ್ರಾನ್ಸಿನ ಸಿಟ್ರನ್ ಕಂಪನಿಗಳು ಮುಂಚಕ್ರ ಚಾಲನೆಯ ಕಾರುಗಳನ್ನು ಆಗಲೇ ಮಾರುತ್ತಿದ್ದವು. ನಾಲ್ಕು ಸಿಲಿಂಡರಿನ, ನೀರಿನಿಂದ ತಣಿಯುವ ಸಾಮಾನ್ಯ ಎಂಜಿನ್ನನ್ನು ಇಷ್ಟು ಇಕ್ಕಟ್ಟಿನಲ್ಲಿ ಕೂರಿಸಿ, ಮಧ್ಯಮ ವರ್ಗ ಕೊಳ್ಳುವ ಬೆಲೆಗೆ ಲಕ್ಷಗಟ್ಟಲೆ ತಯಾರಿಸಿದ್ದು ಇಸಿಗೋನಿಸ್‌ನ ಸಾಧನೆ. ಅದರಲ್ಲಿ ಒಂದು ತೊಡಕಿತ್ತು: ಮುಂದಿನ ಚಕ್ರ ಎಳೆಯಲೂ ಬೇಕು, ತಿರುಗಲೂ ಬೇಕು. ಸಾದಾ ಜಾಯಿಂಟ್ ಹಾಕಿದರೆ ತಿರುವಿನಲ್ಲಿ ಸ್ಟೀರಿಂಗ್ ಜಗ್ಗುತ್ತದೆ. ಉಕ್ಕಿನ ಗುಂಡುಗಳ ಮೇಲೆ ಆಡುವ ಒಂದು ಬಗೆಯ ಜಾಯಿಂಟ್ ಅದನ್ನು ಬಗೆಹರಿಸಿತು. ಅದಿಲ್ಲದೆ ಮಿನಿಯನ್ನು ಸಾಮಾನ್ಯರು ಓಡಿಸಲು ಆಗುತ್ತಲೇ ಇರಲಿಲ್ಲ.

ಚಕ್ರಗಳು ದೊಡ್ಡವಾದಷ್ಟೂ ಅವುಗಳ ಕಮಾನು ಕಾರಿನೊಳಕ್ಕೆ ನುಗ್ಗುತ್ತದೆ. ಎಷ್ಟು ಚಿಕ್ಕ ಚಕ್ರ ಬೇಕು ಎಂದು ಡನ್‌ಲಪ್ ಕಂಪನಿಯವರು ಕೇಳಿದಾಗ ಇಸಿಗೋನಿಸ್ ಎರಡೂ ಕೈ ಎತ್ತಿ ‘ಇಷ್ಟು’ ಎಂದು ತೋರಿಸಿದನಂತೆ. ಅವರು ಅಂಗೈಗಳ ನಡುವಿನ ಜಾಗ ಅಳೆದರಂತೆ. ಕಥೆಯನ್ನು ಪೂರ್ತಿ ನಂಬಬೇಕಿಲ್ಲ, ಆದರೆ ಹತ್ತು ಇಂಚಿನ ಚಕ್ರ ಮಾತ್ರ ನಿಜ. ಅಷ್ಟು ಚಿಕ್ಕ ಟೈರನ್ನು ಡನ್‌ಲಪ್ ಈ ಕಾರಿಗಾಗಿಯೇ ಮಾಡಿಕೊಟ್ಟಿತು.

ಸಸ್ಪೆನ್ಷನ್ನಿನದು ಇನ್ನೊಂದು ತಲೆನೋವು. ಸುಮಾರು 600 ಕಿಲೋ ತೂಗುವ ಕಾರಿನಲ್ಲಿ ನಾಲ್ಕು ಜನ ಲಗೇಜು ಸಮೇತ ಕೂತರೆ ತೂಕ ಒಂದೂವರೆ ಪಟ್ಟು ಆಗುತ್ತದೆ. ಮೆತ್ತಗಿನ ಸ್ಪ್ರಿಂಗ್ ಹಾಕಿದರೆ ಕಾರು ನೆಲ ಮುಟ್ಟುತ್ತದೆ, ಬಿಗಿಯಾದದ್ದು ಹಾಕಿದರೆ ಒಬ್ಬನೇ ಹೋಗುವಾಗ ಸೊಂಟ ಹೋಗುತ್ತದೆ. ರಬ್ಬರ್ ವ್ಯಾಪಾರದ ಮನೆತನದಿಂದ ಬಂದ ಎಂಜಿನಿಯರ್ ಅಲೆಕ್ಸ್ ಮೌಲ್ಟನ್ ಇದಕ್ಕೆ ಶಂಕುವಿನಾಕಾರದ ರಬ್ಬರ್ ತುಂಡುಗಳನ್ನು ಕೊಟ್ಟ. ಅವು ಒತ್ತಿದಷ್ಟೂ ಬಿಗಿಯಾಗುತ್ತ ಹೋಗುತ್ತವೆ, ಜಾಗವನ್ನೂ ಹೆಚ್ಚು ಕೇಳುವುದಿಲ್ಲ. ಸವಾರಿ ಗಡುಸೇ ಆಯಿತು. ಬದಲಿಗೆ ತಿರುವಿನಲ್ಲಿ ಕಾರು ವಾಲದೆ ರಸ್ತೆಗೆ ಅಂಟಿಕೊಂಡಿತು.

ಒಳಗೆ ಜಿಪುಣತನವೇ ರಾಜ್ಯವಾಳಿತು. ಬಾಗಿಲಿನ ಗಾಜು ಇಳಿಸುವ ಯಂತ್ರ ತೆಗೆದು, ಸರಿಸುವ ಗಾಜು ಹಾಕಿದರು. ಹಾಗೆ ಉಳಿದ ಜಾಗ ದೊಡ್ಡ ಜೇಬಾಯಿತು. ಬಾಗಿಲು ತೆಗೆಯಲು ಹಿಡಿಯ ಬದಲು ಒಂದು ದಾರ. ಬಾಗಿಲಿನ ಕೀಲುಗಳು ಹೊರಗೇ, ಬಾಡಿಯ ವೆಲ್ಡಿಂಗ್ ಅಂಚುಗಳೂ ಹೊರಗೇ. ಡಿಕ್ಕಿಯ ಬಾಗಿಲು ಕೆಳಕ್ಕೆ ಮಡಚಿಕೊಳ್ಳುತ್ತಿತ್ತು. ಸಾಮಾನು ಹೆಚ್ಚಾದರೆ ಅದನ್ನು ತೆರೆದಿಟ್ಟುಕೊಂಡೇ ಓಡಿಸಬಹುದಿತ್ತು, ನಂಬರ್ ಪ್ಲೇಟ್ ಕಾಣಲೆಂದು ಅದಕ್ಕೂ ಕೀಲು ಕೊಟ್ಟಿದ್ದರು. ರೇಡಿಯೊ ಇರಲಿಲ್ಲ, ಯಾಕೆಂದರೆ ಕಾರಿನಲ್ಲಿ ರೇಡಿಯೊ ಇಸಿಗೋನಿಸ್‌ಗೆ ಆಗುತ್ತಿರಲಿಲ್ಲ. ಜನಕ್ಕೆ ಏನು ಬೇಕೆಂದು ಆತ ಯಾರನ್ನೂ ಕೇಳಲು ಹೋದವನಲ್ಲ.

1957ರ ಅಕ್ಟೋಬರ್ ಹೊತ್ತಿಗೆ ಪ್ರಯೋಗದ ಕಾರು ರಸ್ತೆಗಿಳಿಯಿತು. 948 ಸಿಸಿ ಎಂಜಿನ್ ಹಾಕಿದ್ದ ಅದು ಗಂಟೆಗೆ 90 ಮೈಲಿ, ಅಂದರೆ 145 ಕಿಲೋಮೀಟರ್ ಓಡಿ ಕಂಪನಿಯವರನ್ನೇ ಬೆಚ್ಚಿಬೀಳಿಸಿತು. ಮನೆಮಂದಿ ಓಡಿಸುವ ಕಾರಿಗೆ ಇದು ಅತಿಯಾಯಿತೆಂದು 848 ಸಿಸಿಗೆ ಇಳಿಸಿ, 34 ಅಶ್ವಶಕ್ತಿಗೆ ತೃಪ್ತಿಪಟ್ಟರು. ಆದರೂ ಅದರ ಗರಿಷ್ಠ ವೇಗ 116 ಕಿಲೋಮೀಟರ್ ಆಸುಪಾಸಿನಲ್ಲಿತ್ತು. 1958ರ ಜುಲೈನಲ್ಲಿ ಲೆನರ್ಡ್ ಲಾರ್ಡ್ ಕಾರ್ಖಾನೆಯ ಸುತ್ತ ಕೆಲವೇ ನಿಮಿಷ ಓಡಿಸಿ ನೋಡಿ, ತಯಾರಿಸಿ ಎಂದು ಹೇಳಿ ಹೊರಟುಹೋದ. 1959ರ ಆಗಸ್ಟ್ 26ರಂದು ಕಾರು ಬಿಡುಗಡೆಯಾಯಿತು. ಬರ್ಮಿಂಗ್‌ಹ್ಯಾಮಿನ ಲಾಂಗ್‌ಬ್ರಿಜ್‌ನಲ್ಲಿ ಆಸ್ಟಿನ್ ಸೆವೆನ್ ಎಂದೂ, ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿ ಮಾರಿಸ್ ಮಿನಿ ಮೈನರ್ ಎಂದೂ ಎರಡು ಹೆಸರು. ಬೆಲೆ ತೆರಿಗೆ ಸೇರಿ ಸುಮಾರು 497 ಪೌಂಡ್.

ಆರಂಭ ಚೆನ್ನಾಗಿರಲಿಲ್ಲ. ನೆಲದ ತಗಡುಗಳ ಜೋಡಣೆ ಉಲ್ಟಾ ದಿಕ್ಕಿಗೆ ಇದ್ದುದರಿಂದ ಮಳೆಯಲ್ಲಿ ರಸ್ತೆಯ ನೀರು ಒಳಗೆ ನುಗ್ಗಿ ಕಾಲಡಿಯ ಹಾಸು ತೊಯ್ದು ತೊಪ್ಪೆಯಾಗುತ್ತಿತ್ತು. ಎಂಜಿನ್ನಿನ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಮುಂದಿನ ಜಾಲರಿಯ ಹಿಂದೆಯೇ ಇತ್ತು. ಜೋರು ಮಳೆ ಬಂದರೆ ಕಾರು ನಿಂತೇಹೋಗುತ್ತಿತ್ತು. ಇಂಗ್ಲೆಂಡಿನಂಥ ಮಳೆಯ ದೇಶದಲ್ಲಿ ಇದು ಸಣ್ಣ ದೋಷವಲ್ಲ. ದುಡಿಯುವ ಜನರಿಗೆಂದು ಮಾಡಿದ ಕಾರನ್ನು ಮೊದಲು ಮೆಚ್ಚಿದವರು ಹಣವಂತರು. ರಾಜಕುಮಾರಿ ಮಾರ್ಗರೆಟಳ ಗಂಡ ಲಾರ್ಡ್ ಸ್ನೋಡನ್ ಓಡಿಸಿದ, ನಟ ಪೀಟರ್ ಸೆಲ್ಲರ್ಸ್ ಓಡಿಸಿದ, ಬೀಟಲ್ಸ್ ಹುಡುಗರು ಓಡಿಸಿದರು. ತಾನು ಜನಪ್ರಿಯಗೊಳಿಸಿದ ಗಿಡ್ಡ ಲಂಗಕ್ಕೆ ವಸ್ತ್ರವಿನ್ಯಾಸಕಿ ಮೇರಿ ಕ್ವಾಂಟ್ ಇದೇ ಕಾರಿನ ಹೆಸರಿಟ್ಟಳು. ಫೋರ್ಡ್ ಕಂಪನಿ ಒಂದು ಮಿನಿಯನ್ನು ಕೊಂಡು, ಪೂರ್ತಿ ಬಿಚ್ಚಿ ಲೆಕ್ಕ ಹಾಕಿ, ಬಿಎಂಸಿ ಪ್ರತಿ ಕಾರಿಗೂ ಸುಮಾರು 30 ಪೌಂಡ್ ಕಳೆದುಕೊಳ್ಳುತ್ತಿದೆ ಎಂಬ ತೀರ್ಮಾನಕ್ಕೆ ಬಂತು. ಬಿಎಂಸಿ ಇದನ್ನು ಒಪ್ಪಲಿಲ್ಲ. ಆದರೂ ಈ ಕಾರಿನಿಂದ ಕಂಪನಿ ಹೆಸರು ಗಳಿಸಿದಷ್ಟು ಹಣ ಗಳಿಸಲಿಲ್ಲ ಎಂಬುದರಲ್ಲಿ ಅನುಮಾನವಿಲ್ಲ.

ಇಲ್ಲಿಂದ ಕಥೆ ಜಾನ್ ಕೂಪರ್‌ನ ಕೈಗೆ ಬರುತ್ತದೆ. ಲಂಡನ್ ಹೊರವಲಯದ ಸರ್ಬಿಟನ್‌ನಲ್ಲಿ ತಂದೆಯ ಜೊತೆ ರೇಸ್ ಕಾರು ಕಟ್ಟುತ್ತಿದ್ದ ಕೂಪರ್, ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಇಟ್ಟು 1959 ಮತ್ತು 1960ರಲ್ಲಿ ಫಾರ್ಮುಲಾ ಒನ್ ಪ್ರಶಸ್ತಿ ಗೆದ್ದವನು. ಬಿಡುಗಡೆಯ ಹೊತ್ತಿನ ಒಂದು ಮಿನಿಯಲ್ಲಿ ಆತ ಇಟಲಿಯ ಮಾಂಜಾ ರೇಸಿಗೆ ಹೋಗಿದ್ದ. ಅದೇ ದಾರಿಯಲ್ಲಿ ಆಸ್ಟನ್ ಮಾರ್ಟಿನ್ ಓಡಿಸಿಕೊಂಡು ಹೊರಟಿದ್ದ ಗೆಳೆಯನಿಗಿಂತ ತಾನು ಒಂದು ಗಂಟೆ ಮೊದಲೇ ತಲುಪಿದೆ ಎಂದು ಆತ ಹೇಳಿಕೊಳ್ಳುತ್ತಿದ್ದ. ಮಾಂಜಾದಲ್ಲಿ ಇಟಲಿಯ ಹೆಸರಾಂತ ಎಂಜಿನಿಯರ್ ಔರೆಲಿಯೊ ಲಾಂಪ್ರೆಡಿ ಕಾರಿನ ಕೀ ಇಸಿದುಕೊಂಡು ಹೋದವನು ಬಹಳ ಹೊತ್ತು ಬಿಟ್ಟು ಬಂದು, ಇದು ಇಷ್ಟು ಕುರೂಪಿಯಾಗಿರದಿದ್ದರೆ ತಾನು ಗುಂಡು ಹೊಡೆದುಕೊಳ್ಳಬೇಕಾಗುತ್ತಿತ್ತು ಎಂದನಂತೆ.

ಇದಕ್ಕೆ ಜೋರಾದ ಎಂಜಿನ್, ಒಳ್ಳೆಯ ಬ್ರೇಕ್ ಹಾಕೋಣ ಎಂದು ಕೂಪರ್ ಕೇಳಿದಾಗ ಇಸಿಗೋನಿಸ್ ಒಪ್ಪಲಿಲ್ಲ. ಆತನೇನು ರೇಸ್ ಕಾಣದವನಲ್ಲ. ಯೌವನದಲ್ಲಿ ಗೆಳೆಯನೊಡನೆ ಕೈಯಾರೆ ಕಟ್ಟಿದ ಕಾರಿನಲ್ಲಿ ಬೆಟ್ಟ ಹತ್ತುವ ಸ್ಪರ್ಧೆಗಳಿಗೆ ಇಳಿಯುತ್ತಿದ್ದವನು. ಆದರೆ ಮಿನಿ ಜನಸಾಮಾನ್ಯರ ವಾಹನ, ಅದನ್ನು ಕೆಡಿಸಬೇಡಿ ಎಂಬುದು ಆತನ ಹಟ. ಕೂಪರ್ ಮೇಲಿನವರನ್ನು ಹಿಡಿದ. ಬಿಎಂಸಿಯ ಜಾರ್ಜ್ ಹ್ಯಾರಿಮನ್ ಒಂದು ಸಾವಿರ ಕಾರಿಗೆ ಒಪ್ಪಿದ, ಕಾರಿಗೆ 2 ಪೌಂಡಿನಂತೆ ಕೂಪರ್‌ಗೆ ರಾಯಧನ. ಸ್ಪರ್ಧೆಗಳಲ್ಲಿ ‘ಕಾರ್ಖಾನೆಯ ಮಾದರಿ’ ಎಂದು ಮಾನ್ಯತೆ ಪಡೆಯಲು ಕನಿಷ್ಠ ಒಂದು ಸಾವಿರ ತಯಾರಾಗಬೇಕಿತ್ತು. 1961ರಲ್ಲಿ ಬಂದ ಮಿನಿ ಕೂಪರ್‌ಗೆ 997 ಸಿಸಿ, 55 ಅಶ್ವಶಕ್ತಿ, ಜೋಡಿ ಕಾರ್ಬ್ಯುರೇಟರ್, ಮುಂದೆ ಡಿಸ್ಕ್ ಬ್ರೇಕ್. 1963ರ ಕೂಪರ್ ಎಸ್‌ಗೆ 1071 ಸಿಸಿ, 70 ಅಶ್ವಶಕ್ತಿ. ಮರುವರ್ಷ 1275 ಸಿಸಿ.

ಬಿಎಂಸಿಯ ಸ್ಪರ್ಧಾ ವಿಭಾಗ ಇದ್ದದ್ದು ಅಬಿಂಗ್ಡನ್‌ನ ಎಂಜಿ ಕಾರ್ಖಾನೆಯಲ್ಲಿ. 1961ರಲ್ಲಿ ಅದರ ಮುಖ್ಯಸ್ಥನಾಗಿ ಬಂದ ಸ್ಟುವರ್ಟ್ ಟರ್ನರ್‌ಗೆ ರ‍್ಯಾಲಿ ಕಾರಿನ ಎಡ ಸೀಟೂ ಗೊತ್ತು, ನಕ್ಷೆಯೂ ಗೊತ್ತು. 1960ರ ಬ್ರಿಟನ್ ಆರ್‌ಎಸಿ ರ‍್ಯಾಲಿಯಲ್ಲಿ ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್ ಸಾಬ್ ಕಾರಿನಲ್ಲಿ ಗೆದ್ದಾಗ ಪಕ್ಕದಲ್ಲಿ ದಾರಿ ಹೇಳುತ್ತ ಕೂತಿದ್ದವನು ಇವನೇ. ಪುಟ್ಟ ಮುಂಚಕ್ರ ಕಾರು ಹಿಮದಲ್ಲಿ ಏನು ಮಾಡಬಲ್ಲದು, ಉತ್ತರ ಯುರೋಪಿನ ಚಾಲಕರು ಅದರಿಂದ ಏನೇನು ಮಾಡಿಸಬಲ್ಲರು ಎಂಬುದನ್ನು ಆತ ಹತ್ತಿರದಿಂದ ಕಂಡಿದ್ದ. ಮಾಂಟೆ ಕಾರ್ಲೊ ರ‍್ಯಾಲಿಯನ್ನು ಇದೇ ಕಾರ್ಲ್‌ಸನ್ 1962, 1963ರಲ್ಲಿ ಸಾಬ್‌ನಲ್ಲೇ ಗೆದ್ದ. ಹಾಗಾಗಿ ಮುಂದೆ ಅದೇ ಹಿಮದಲ್ಲಿ ಮಿನಿ ಮಾಡಿದ್ದು ಯಾರೂ ಊಹಿಸದ ಪವಾಡವೇನೂ ಆಗಿರಲಿಲ್ಲ. ಕಣ್ಣಿದ್ದವರಿಗೆ ದಾರಿ ಆಗಲೇ ಕಂಡಿತ್ತು.

ಮಿನಿಗೆ ಮೊದಲ ದೊಡ್ಡ ಅಂತರರಾಷ್ಟ್ರೀಯ ರ‍್ಯಾಲಿ ಗೆಲುವು ತಂದವಳು ಒಬ್ಬ ಹೆಣ್ಣುಮಗಳು ಎಂಬುದು ಈ ಕಥೆ ಹೇಳುವಾಗ ಎಷ್ಟೋ ಸಲ ಬಿಟ್ಟುಹೋಗುತ್ತದೆ. ರೇಸ್ ಚಾಲಕ ಸ್ಟರ್ಲಿಂಗ್ ಮಾಸ್‌ನ ತಂಗಿ ಪ್ಯಾಟ್ ಮಾಸ್, ಪಕ್ಕದಲ್ಲಿ ಆ್ಯನ್ ವಿಸ್ಡಮ್‌ಳನ್ನು ಕೂರಿಸಿಕೊಂಡು 1962ರಲ್ಲಿ ಹಾಲೆಂಡಿನ ಟ್ಯೂಲಿಪ್ ರ‍್ಯಾಲಿಯನ್ನು ಮಿನಿ ಕೂಪರ್‌ನಲ್ಲಿ ಗೆದ್ದಳು. ಮುಂದೆ ಆಕೆ ಮದುವೆಯಾಗಿದ್ದು ಎರಿಕ್ ಕಾರ್ಲ್‌ಸನ್‌ನನ್ನು. 1962ರಲ್ಲೇ ಮಾಂಟೆಯಲ್ಲಿ ಫಿನ್‌ಲ್ಯಾಂಡಿನ ಯುವಕ ರೌನೊ ಆಲ್ಟೋನೆನ್ ಎರಡನೇ ಸ್ಥಾನದಲ್ಲಿದ್ದಾಗ ಆಲ್ಪ್ಸ್ ಬೆಟ್ಟಗಳ ಟುರಿನಿ ಘಾಟಿಯಲ್ಲಿ ಕಾರು ಮಗುಚಿ ಬೆಂಕಿ ಹತ್ತಿಕೊಂಡಿತು. ಜೊತೆಗಾರ ಜೆಫ್ ಮ್ಯಾಬ್ಸ್ ಆತನನ್ನು ಹೊರಗೆಳೆದು ಬದುಕಿಸಿದ. ಮರುವರ್ಷ ಆಲ್ಟೋನೆನ್ ಮತ್ತೆ ಬಂದು ಮೂರನೆಯವನಾದ.

ಮಾಂಟೆ ಕಾರ್ಲೊ ರ‍್ಯಾಲಿ 1911ರಲ್ಲಿ ಶುರುವಾದದ್ದು. ಆ ಕಾಲದಲ್ಲಿ ಜನವರಿಯ ಚಳಿಯಲ್ಲಿ ಯುರೋಪಿನ ಬೇರೆ ಬೇರೆ ನಗರಗಳಿಂದ ಹೊರಟ ಕಾರುಗಳು ನಿಗದಿತ ವೇಗದಲ್ಲಿ ಸಾವಿರಾರು ಕಿಲೋಮೀಟರ್ ಓಡಿ ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿ ಸೇರುತ್ತಿದ್ದವು. ಅಲ್ಲಿ ಮುಚ್ಚಿದ ಘಾಟಿ ರಸ್ತೆಗಳಲ್ಲಿ ಗಡಿಯಾರದ ಎದುರು ಒಬ್ಬೊಬ್ಬರದೇ ಓಟ. ಅವುಗಳಲ್ಲೊಂದಾದ ಟುರಿನಿ ಘಾಟಿಯ ಎತ್ತರ 1,607 ಮೀಟರ್. ಒಂದು ತಿರುವಿನಲ್ಲಿ ಒಣ ಡಾಂಬರು, ಮುಂದಿನದರಲ್ಲಿ ಗಾಜಿನಂಥ ಹಿಮ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ‍್ಯಾಲಿ ನೋಡಿದವರಿಗೆ ಈ ಓಟದ ಸ್ವರೂಪ ಹೊಸದಲ್ಲ. ಅಲ್ಲಿ ಧೂಳು ಮತ್ತು ಕೆಸರು, ಇಲ್ಲಿ ಹಿಮ.

ಇಂಥ ದಾರಿಯಲ್ಲಿ ಇಸಿಗೋನಿಸ್ ಜಾಗ ಉಳಿಸಲೆಂದು ಮಾಡಿದ ಒಂದೊಂದೂ ಕೆಲಸಕ್ಕೆ ಬಂತು. ಎಂಜಿನ್ನಿನ ಭಾರವೆಲ್ಲ ಎಳೆಯುವ ಚಕ್ರಗಳ ಮೇಲೇ ಬಿದ್ದಿದ್ದರಿಂದ ಹಿಮದಲ್ಲಿ ಅವು ಬರಿದೇ ತಿರುಗದೆ ಕಚ್ಚಿಕೊಂಡು ಎಳೆದವು. ಚಕ್ರಗಳನ್ನು ನಾಲ್ಕು ಮೂಲೆಗೆ ತಳ್ಳಿದ್ದರಿಂದ ಕಾರು ಚಂಚಲವಾಗದೆ ನಿಂತಿತು. 1.4 ಮೀಟರ್ ಅಗಲದ ಕಾರಿಗೆ ಇಕ್ಕಟ್ಟಾದ ಘಾಟಿ ರಸ್ತೆಯೂ ಹೆದ್ದಾರಿಯೇ. ತಿರುವಿನಲ್ಲಿ ಒಳಗಿನಿಂದ ಹೊರಗೆ ದಾರಿ ಆರಿಸಿಕೊಳ್ಳಲು ದೊಡ್ಡ ಕಾರಿಗಿಲ್ಲದ ಜಾಗ ಇದಕ್ಕೆ ಸಿಕ್ಕಿತು. ಗಡುಸಾದ ರಬ್ಬರ್ ಸಸ್ಪೆನ್ಷನ್ ಮನೆಯವರಿಗೆ ಕಷ್ಟ, ರ‍್ಯಾಲಿ ಚಾಲಕನಿಗೆ ವರ. ರ‍್ಯಾಲಿಗೆಂದು ಒಂದು ಗೆರೆಯನ್ನೂ ಎಳೆಯದೆ ವಿನ್ಯಾಸಕಾರ ರ‍್ಯಾಲಿ ಕಾರು ಮಾಡಿಟ್ಟಿದ್ದ.

ಮುಂಚಕ್ರ ಕಾರಿಗೆ ಒಂದು ದುರ್ಗುಣವಿದೆ. ವೇಗವಾಗಿ ತಿರುವಿಗೆ ನುಗ್ಗಿದರೆ ಮೂತಿ ತಿರುಗದೆ ನೇರ ಹೊರಕ್ಕೆ ಹೋಗುತ್ತದೆ. ಫಿನ್‌ಲ್ಯಾಂಡಿನ ಆಲ್ಟೋನೆನ್, ತಿಮೋ ಮ್ಯಾಕಿನೆನ್ ಇದಕ್ಕೆ ಎಡಗಾಲಿನ ಮದ್ದು ಬಳಸಿದರು. ಬಲಗಾಲು ಆಕ್ಸಿಲರೇಟರ್ ಮೇಲೆ ಒತ್ತಿದಂತೆಯೇ ಇರುತ್ತದೆ, ಎಡಗಾಲು ಬ್ರೇಕನ್ನು ಮುಟ್ಟುತ್ತದೆ. ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಇರುವುದರಿಂದ ಅವು ತಿರುಗುತ್ತಲೇ ಇರುತ್ತವೆ, ಹಿಂದಿನವು ಹಿಡಿತ ಬಿಡುತ್ತವೆ, ಕಾರಿನ ಬಾಲ ಹೊರಕ್ಕೆ ಬೀಸುತ್ತದೆ, ಮೂತಿ ತಾನಾಗಿ ತಿರುವಿನ ಒಳಕ್ಕೆ ನೋಡುತ್ತದೆ. ಹೇಳುವುದು ಸುಲಭ, ಕತ್ತಲಲ್ಲಿ, ಹಿಮದಲ್ಲಿ, ಪಕ್ಕದಲ್ಲಿ ಪ್ರಪಾತ ಇಟ್ಟುಕೊಂಡು ಮಾಡುವುದು ಬೇರೆ ಮಾತು. ಟರ್ನರ್ ತನ್ನ ಕಡೆಯಿಂದ ಸಿದ್ಧತೆಯನ್ನು ಶಾಸ್ತ್ರದಂತೆ ಮಾಡಿಸಿದ. ಚಾಲಕರು ಮೊದಲೇ ದಾರಿ ಓಡಿ ತಿರುವುಗಳ ಟಿಪ್ಪಣಿ ಬರೆದುಕೊಂಡರು. ಸ್ಪರ್ಧೆಯ ದಿನ ಇನ್ನೊಂದು ತಂಡ ಮುಂದಾಗಿ ಹೋಗಿ ಎಲ್ಲೆಲ್ಲಿ ಹಿಮಗಟ್ಟಿದೆ ಎಂದು ಗುರುತು ಹಾಕಿಕೊಟ್ಟಿತು. ಅದಕ್ಕೆ ತಕ್ಕಂತೆ ಮೊಳೆ ಟೈರೋ ಸಾದಾ ಟೈರೋ ಎಂದು ತೀರ್ಮಾನವಾಗುತ್ತಿತ್ತು.

1964ರ ಮಾಂಟೆಯಲ್ಲಿ ಬೆಲ್‌ಫಾಸ್ಟ್‌ನ ಪ್ಯಾಡಿ ಹಾಪ್‌ಕರ್ಕ್ ಮತ್ತು ಜೊತೆಗಾರ ಹೆನ್ರಿ ಲಿಡನ್ ಸೋವಿಯತ್ ಒಕ್ಕೂಟದ ಮಿನ್‌ಸ್ಕ್‌ನಿಂದ ಹೊರಟರು. ಕೆಂಪು ಮೈ, ಬಿಳಿ ಚಾವಣಿ, ಬಾಗಿಲ ಮೇಲೆ 37, ನೋಂದಣಿ 33 ಇಜೆಬಿ. ದಾರಿಯಲ್ಲಿ ಫ್ರಾನ್ಸಿನ ಒಂದು ಊರಲ್ಲಿ ಏಕಮುಖ ರಸ್ತೆಗೆ ಎದುರಾಗಿ ನುಗ್ಗಿ ಪೊಲೀಸನ ಕೈಗೆ ಸಿಕ್ಕಿದ್ದನ್ನು ಹಾಪ್‌ಕರ್ಕ್ ಮುಂದೆ ನಗುತ್ತ ಹೇಳಿಕೊಳ್ಳುತ್ತಿದ್ದ. ರ‍್ಯಾಲಿ ಬಿಟ್ಟಾಯಿತು, ಮನೆಯಲ್ಲಿ ಸಾವಾಗಿದೆ, ಊರಿಗೆ ಹೊರಟಿದ್ದೇವೆ ಎಂದು ಸುಳ್ಳು ಹೇಳಿ ಬಚಾವಾದರಂತೆ. ಎದುರಾಳಿ ಸ್ವೀಡನ್ನಿನ ಬೊ ಯುಂಗ್‌ಫೆಲ್ಟ್. ಅವನ ಫೋರ್ಡ್ ಫಾಲ್ಕನ್‌ನ ವಿ8 ಎಂಜಿನ್ 4.7 ಲೀಟರಿನದು, ಈ 1071 ಸಿಸಿ ಮಿನಿಯ ನಾಲ್ಕು ಪಟ್ಟಿಗೂ ಹೆಚ್ಚು. ಶುದ್ಧ ಸಮಯ ನೋಡಿದರೆ ಫಾಲ್ಕನ್ನೇ ಮುಂದಿತ್ತು. ಆದರೆ ಎಂಜಿನ್ ಗಾತ್ರಕ್ಕೆ ತಕ್ಕಂತೆ ರಿಯಾಯಿತಿ ಕೊಡುವ ನಿಯಮವೊಂದು ಆಗ ಇತ್ತು, ಅದರ ಲೆಕ್ಕದಲ್ಲಿ ಮಿನಿ ಗೆದ್ದಿತು. ಮಿನಿ ಅಭಿಮಾನಿಗಳು ಈ ಭಾಗವನ್ನು ಸಣ್ಣ ದನಿಯಲ್ಲಿ ಹೇಳುತ್ತಾರೆ. ಇಷ್ಟಾಗಿಯೂ ಅಂಥ ಕಾರಿಗೆ ಅಷ್ಟು ಹತ್ತಿರ ಓಡಿದ್ದೇ ಸಾಹಸ. ಪ್ರಧಾನಿ ಅಲೆಕ್ ಡಗ್ಲಾಸ್ ಹೋಮ್ ತಂತಿ ಕಳಿಸಿದ, ಬೀಟಲ್ಸ್ ತಮ್ಮ ಫೋಟೊಗೆ ಸಹಿ ಹಾಕಿ ಕೊಟ್ಟರು, ಲಂಡನ್ ಪಲೇಡಿಯಂ ರಂಗಮಂದಿರದ ಟಿವಿ ಕಾರ್ಯಕ್ರಮದಲ್ಲಿ ಕಾರನ್ನೇ ವೇದಿಕೆಗೆ ತಂದು ನಿಲ್ಲಿಸಿದರು.

1965ರ ಗೆಲುವಿಗೆ ಯಾವ ರಿಯಾಯಿತಿಯ ಮಾತನ್ನೂ ಅಂಟಿಸಲಾಗದು. ಆ ವರ್ಷದ ಹಿಮಪಾತ ರ‍್ಯಾಲಿಯ ಇತಿಹಾಸದಲ್ಲೇ ಭೀಕರವಾದವುಗಳಲ್ಲಿ ಒಂದು. ಹೊರಟ 237 ಕಾರುಗಳಲ್ಲಿ ಮೊನಾಕೊ ಮುಟ್ಟಿದ್ದು 35. ಸ್ಟಾಕ್‌ಹೋಮ್‌ನಿಂದ ಹೊರಟ ಮ್ಯಾಕಿನೆನ್, ಪಾಲ್ ಈಸ್ಟರ್ ಜೋಡಿ 1275 ಸಿಸಿ ಕೂಪರ್ ಎಸ್‌ನಲ್ಲಿ ದಾರಿಯುದ್ದಕ್ಕೂ ಒಂದು ದಂಡದ ಅಂಕವನ್ನೂ ತೆಗೆದುಕೊಳ್ಳದೆ ಬಂದಿತು. ಹಾಗೆ ಬಂದದ್ದು ಆ ಜೋಡಿಯೊಂದೇ. ಎಷ್ಟೋ ಜಾಣರಿಗೆ ಎದುರಿನ ರಸ್ತೆಯೇ ಕಾಣದ ರಾತ್ರಿಯಲ್ಲಿ ಮ್ಯಾಕಿನೆನ್ ಘಾಟಿಗಳಲ್ಲೂ ಎಲ್ಲರಿಗಿಂತ ಮುಂದಿದ್ದ. ಚಿಕ್ಕ ಕಾರಿನ ಚರಿತ್ರೆಯಲ್ಲಿ ಒಂದೇ ಓಟ ಆರಿಸಿ ಎಂದರೆ ಇದನ್ನೇ ಆರಿಸಬೇಕು. ಅದೇ ವರ್ಷ ಆಲ್ಟೋನೆನ್ ಯುರೋಪಿನ ರ‍್ಯಾಲಿ ಚಾಂಪಿಯನ್ ಆದ.

ಮ್ಯಾಕಿನೆನ್‌ನ ಎದೆಗಾರಿಕೆಗೆ ಇನ್ನೊಂದು ಉದಾಹರಣೆ ಅವನ ನಾಡಿನದೇ. 1967ರ ಫಿನ್‌ಲ್ಯಾಂಡ್ ರ‍್ಯಾಲಿಯ ಔನಿನ್‌ಪೋಯಾ ಹಂತದಲ್ಲಿ ಬಾನೆಟ್ಟಿನ ಪಟ್ಟಿ ಸರಿಯಾಗಿ ಬಿಗಿಯದೆ, ಓಡುವಾಗಲೇ ಅದು ಎದ್ದು ಗಾಜಿನ ಮೇಲೆ ಬಿತ್ತು. ಎದುರಿನದೇನೂ ಕಾಣುತ್ತಿಲ್ಲ. ಆತ ಕಾರು ನಿಲ್ಲಿಸದೆ, ತಲೆಯನ್ನು ಪಕ್ಕಕ್ಕೆ ಹೊರಹಾಕಿ ಉಳಿದ ದಾರಿಯನ್ನು ಹಾಗೆಯೇ ಓಡಿಸಿದ. ಆ ರ‍್ಯಾಲಿಯನ್ನೂ ಗೆದ್ದ, ಸತತ ಮೂರನೇ ಸಲ.

1966ರ ಮಾಂಟೆಯ ಬಗ್ಗೆ ಇಂದಿಗೂ ಜಗಳ ಮುಗಿದಿಲ್ಲ. ಆ ವರ್ಷ ಸಂಘಟಕರು ನಿಯಮ ಬದಲಿಸಿ, ಹೆಚ್ಚು ಮಾರ್ಪಾಡಿಲ್ಲದ ಅಂಗಡಿ ಕಾರುಗಳಿಗೆ ಅನುಕೂಲ ಮಾಡಿದ್ದರು. ಬಿಎಂಸಿ ಹಾಗೆಯೇ ಕಾರು ತಂದಿತು. ಮ್ಯಾಕಿನೆನ್ ಮೊದಲು, ಆಲ್ಟೋನೆನ್ ಎರಡು, ಹಾಪ್‌ಕರ್ಕ್ ಮೂರು. ನಾಲ್ಕನೆಯವನು ಲೋಟಸ್ ಕಾರ್ಟಿನಾದ ರೋಜರ್ ಕ್ಲಾರ್ಕ್. ಓಟ ಮುಗಿದ ಮೇಲೆ ಫ್ರೆಂಚ್ ತಪಾಸಣೆಗಾರರು ಮಿನಿಗಳನ್ನು ಗಂಟೆಗಟ್ಟಲೆ ಬಿಚ್ಚಿ ಅಳೆದರು. ಯಂತ್ರದಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಹೆಡ್‌ಲೈಟ್. ಮಿನಿಯಲ್ಲಿ ಹಾಕಿದ್ದ ಹೊಸ ಬಗೆಯ ಹ್ಯಾಲೊಜನ್ ಬಲ್ಬಿಗೆ ಒಂದೇ ತಂತಿ ಇದ್ದುದರಿಂದ ಅದೇ ದೀಪವನ್ನು ಡಿಮ್ ಮಾಡಲು ಆಗುತ್ತಿರಲಿಲ್ಲ. ಎದುರು ವಾಹನ ಬಂದಾಗ ಅದನ್ನು ಆರಿಸಿ ಮಂಜಿನ ದೀಪ ಹಾಕುತ್ತಿದ್ದರು. ಇದು ನಿಯಮಬಾಹಿರ ಎಂದು ಮೂರೂ ಮಿನಿಗಳನ್ನೂ, ಅಂಥದೇ ಕಾರಣಕ್ಕೆ ಕ್ಲಾರ್ಕ್‌ನನ್ನೂ, ಮಹಿಳಾ ಪ್ರಶಸ್ತಿ ಗೆದ್ದಿದ್ದ ರೋಸ್‌ಮೇರಿ ಸ್ಮಿತ್‌ಳನ್ನೂ ಅನರ್ಹಗೊಳಿಸಿದರು.

ಗೆಲುವು ಹೋದದ್ದು ಫ್ರೆಂಚ್ ಕಾರಾದ ಸಿಟ್ರನ್‌ಗೆ. ಅದನ್ನು ಓಡಿಸಿದ್ದ ಪೌಲಿ ತೊಯ್ವೊನೆನ್ ಕೂಡ ಫಿನ್‌ಲ್ಯಾಂಡಿನವನೇ. ಇಂಥ ಬಹುಮಾನದಿಂದ ಆತನಿಗೇ ಮುಜುಗರವಾಯಿತು, ಮತ್ತೆಂದೂ ಸಿಟ್ರನ್ ತಂಡಕ್ಕೆ ಓಡಿಸಲಿಲ್ಲ. ಬಹುಮಾನ ಹಂಚಿಕೆಗೆ ನಿಲ್ಲುವುದು ವಾಡಿಕೆಯಾಗಿದ್ದ ಮೊನಾಕೊದ ರಾಜಕುಮಾರ ರೈನಿಯರ್ ಆ ಸಲ ಮುಂಚೆಯೇ ಹೊರಟುಹೋದ. ಸರಿಯಾಗಿ 20 ವರ್ಷಗಳ ನಂತರ, 1986ರಲ್ಲಿ, ಪೌಲಿಯ ಮಗ ಹೆನ್ರಿ ತೊಯ್ವೊನೆನ್ ಲಾನ್ಸಿಯಾ ಕಾರಿನಲ್ಲಿ ಅದೇ ಮಾಂಟೆಯನ್ನು ಯಾವ ತಕರಾರೂ ಇಲ್ಲದೆ ಗೆದ್ದ. 1966ರ ಅನರ್ಹತೆಯ ವಿಷಯದಲ್ಲಿ, ನಿಯಮದ ಅಕ್ಷರ ಹಿಡಿದರೆ ಸಂಘಟಕರ ಕಡೆ ವಾದವಿತ್ತು. ಆದರೆ ಹಾಗೆ ಹುಡುಕಿ ತೆಗೆದ ತಪ್ಪಿನಿಂದ ಮಿನಿಗೆ ಸಿಕ್ಕ ಪ್ರಚಾರ, ಗೆದ್ದಿದ್ದರೂ ಸಿಗುತ್ತಿರಲಿಲ್ಲ.

1967ರಲ್ಲಿ ಆಲ್ಟೋನೆನ್, ಲಿಡನ್ ಬಂದು ಲೆಕ್ಕ ಚುಕ್ತಾ ಮಾಡಿದರು. ಲಾನ್ಸಿಯಾ ಫುಲ್ವಿಯಾ ಓಡಿಸಿದ ಓವೆ ಆ್ಯಂಡರ್‌ಸನ್‌ಗಿಂತ ಅವರು ಮುಂದಿದ್ದದ್ದು 13 ಸೆಕೆಂಡು. ಮರುವರ್ಷ ಪೋರ್ಷೆ 911 ಮೇಲೆ ಬಂತು. ಮಿನಿಗಳಿಗೆ ಮೂರು, ನಾಲ್ಕು, ಐದನೇ ಸ್ಥಾನ. ಹತ್ತು ಇಂಚಿನ ಚಕ್ರದ ಮೇಲೆ, ಅಷ್ಟು ಪುಟ್ಟ ಎಂಜಿನ್ನಿನಿಂದ ಇನ್ನು ಹಿಂಡಲು ಏನೂ ಉಳಿದಿರಲಿಲ್ಲ. 1968ರಲ್ಲಿ ಬಿಎಂಸಿ ಬ್ರಿಟಿಷ್ ಲೇಲ್ಯಾಂಡಿನೊಳಗೆ ಸೇರಿಹೋಯಿತು. ಹೊಸ ಒಡೆಯರು 1970ರಲ್ಲಿ ಅಬಿಂಗ್ಡನ್‌ನ ಸ್ಪರ್ಧಾ ವಿಭಾಗ ಮುಚ್ಚಿದರು, ಮರುವರ್ಷ ಕೂಪರ್‌ನ ಒಪ್ಪಂದವನ್ನೂ ಮುರಿದರು. ಕಾರಿಗೆ 2 ಪೌಂಡ್ ಉಳಿಸಿ ಮಾರುಕಟ್ಟೆಯಲ್ಲಿ ಅತಿ ದೊಡ್ಡ ಹೆಸರನ್ನು ಬಿಟ್ಟುಕೊಟ್ಟ ಆ ವ್ಯವಹಾರ ಯಾರಿಗೂ ಅರ್ಥವಾಗುವಂಥದ್ದಲ್ಲ. 1969ರ ‘ದಿ ಇಟಾಲಿಯನ್ ಜಾಬ್’ ಸಿನಿಮಾದಲ್ಲಿ ಕೆಂಪು, ಬಿಳಿ, ನೀಲಿ ಮಿನಿಗಳು ಟ್ಯೂರಿನ್ ನಗರದ ಮೆಟ್ಟಿಲು, ಚರಂಡಿ ಕೊಳವೆಗಳಲ್ಲೆಲ್ಲ ಓಡಿ ಮಾಡಿಕೊಟ್ಟ ಪುಕ್ಕಟೆ ಜಾಹೀರಾತೂ ಅವರ ಮನಸ್ಸು ಬದಲಿಸಲಿಲ್ಲ.

ಸಾದಾ ಮಿನಿ ಮಾತ್ರ ಹೆಚ್ಚು ಬದಲಾಗದೆ 2000ದ ಅಕ್ಟೋಬರ್‌ವರೆಗೆ ತಯಾರಾಗುತ್ತಲೇ ಇತ್ತು. ಒಟ್ಟು 53,87,862. ಬಿಎಂಡಬ್ಲ್ಯು ಈಗ ಮಾರುವ ಮಿನಿಗೆ ಹೆಸರೂ ಮುಖಭಾವವೂ ಹಳೆಯದೇ, ಗಾತ್ರ ಮಾತ್ರ ಹಳೆಯದರ ಪಕ್ಕ ನಿಲ್ಲಿಸಿದರೆ ನಗು ತರಿಸುವಷ್ಟು ದೊಡ್ಡದು.

ಮಿನಿ ಭಾರತದಲ್ಲಿ ತಯಾರಾಗಲಿಲ್ಲ. ನಮ್ಮ ಪಾಲಿಗೆ ಬಂದದ್ದು ಅದೇ ಮಾರಿಸ್ ಮನೆತನದ ಆಕ್ಸ್‌ಫರ್ಡ್ ಕಾರು, ಅಂಬಾಸಿಡರ್ ಎಂಬ ಹೆಸರಲ್ಲಿ, ಹಿಂದಿನ ಚಕ್ರಕ್ಕೆ ಉದ್ದ ಶಾಫ್ಟು ಕಟ್ಟಿಕೊಂಡು. ಇಸಿಗೋನಿಸ್‌ನ ಅಡ್ಡ ಎಂಜಿನ್ ನಮ್ಮ ಮನೆಗಳಿಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1983ರ ಮಾರುತಿ 800 ಜೊತೆ. ಅಷ್ಟರಲ್ಲಿ ಒಂದು ತಿದ್ದುಪಡಿ ಆಗಿತ್ತು. ಸಂಪಿನೊಳಗೆ ಕೂತ ಗೇರ್‌ಬಾಕ್ಸಿನ ಸದ್ದು, ರಿಪೇರಿಯ ತೊಡಕು ಕಂಡ ಫಿಯಟ್‌ನ ದಾಂತೆ ಜಿಯಾಕೋಸಾ ಅದನ್ನು ಎಂಜಿನ್ನಿನ ತುದಿಗೇ ಜೋಡಿಸುವ ಉಪಾಯವನ್ನು 1964ರ ಆಟೊಬಿಯಾಂಕಿ ಪ್ರಿಮುಲಾದಲ್ಲಿ ತೋರಿಸಿದ್ದ. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಇಸಿಗೋನಿಸ್‌ನ ಯೋಚನೆಗೆ ಜಿಯಾಕೋಸಾನ ತಿದ್ದುಪಡಿ ಸೇರಿದ ಕಾರುಗಳೇ.

ಮಾಂಟೆ ಗೆದ್ದ ಮೂರೂ ಮಿನಿಗಳು ಈಗ ಇಂಗ್ಲೆಂಡಿನ ವಾರಿಕ್‌ಶೈರ್‌ನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನ ಸಂಗ್ರಹದಲ್ಲಿವೆ. ಬರ್ಮಿಂಗ್‌ಹ್ಯಾಮ್ ಕಡೆ ನೆಂಟರೋ ಕೆಲಸವೋ ಇರುವ ಕನ್ನಡಿಗರು ಅರ್ಧ ದಿನ ಬಿಡುವು ಮಾಡಿಕೊಂಡು ಹೋಗಿ ನೋಡಿ ಬರಬಹುದು.